ಭದ್ರಾವತಿಯ ಕೆಮ್ಮಣ್ಣೂ ಟೊಮೆಟೊ ಪಾತಿಯೂ

ಭದ್ರಾವತಿ, ಶಿವಮೊಗ್ಗಗಳ ಆಸುಪಾಸಿನಲ್ಲಿ ಹಿತ್ತಲಲ್ಲೋ ಹೊಲದಲ್ಲೋ ಟೊಮೆಟೊ ಬೆಳೆಯಲು ಹೊರಟ ಅನೇಕರಿಗೆ ಒಂದು ಸಂಗತಿ ಚಿರಪರಿಚಿತ. ಸಸಿ ನೆಟ್ಟು ತಿಂಗಳೊಪ್ಪತ್ತು ಕಳೆದಿರುತ್ತದೆ. ಗಿಡ ಮೊಳಕಾಲೆತ್ತರ ಬಂದು ಹೂ ಬಿಡುವ ಹೊತ್ತು. ಬೆಳಿಗ್ಗೆ ನಳನಳಿಸುತ್ತಿದ್ದ ಗಿಡ ಮಧ್ಯಾಹ್ನ ತಲೆ ಬಾಗಿಸುತ್ತದೆ. ನೀರು ಸಾಲದೇನೋ ಎಂದು ಮನೆಯವರು ಎರಡು ಕೊಡ ಹೆಚ್ಚಿಗೆ ಹೊಯ್ಯುತ್ತಾರೆ. ಸಂಜೆಗೆ ಚೇತರಿಸಿಕೊಂಡಂತೆ ಕಾಣುತ್ತದೆ. ಮೂರ್ನಾಲ್ಕು ದಿನಗಳಲ್ಲಿ, ಎಲೆ ಹಳದಿಯಾಗುವುದಕ್ಕೂ ಮೊದಲೇ, ಹಸಿರಾಗಿರುವಂತೆಯೇ ಗಿಡ ನಿಂತಲ್ಲೇ ಸಾಯುತ್ತದೆ. ಮರುದಿನ ಪಕ್ಕದ ಗಿಡ, ಅದರ ಮರುದಿನ ಇಡೀ ಸಾಲು. ಬೀಜ ಮಾರಿದ ಅಂಗಡಿಯವನಿಗೆ ಬೈಗುಳ ತಪ್ಪುವುದಿಲ್ಲ.

ಅಂಗಡಿಯವನ ತಪ್ಪು ಇದರಲ್ಲಿ ಕಡಿಮೆ. ಸೊರಗು ರೋಗವೆಂದು ಕರೆಯುವ ಈ ಪೀಡೆ ಇರುವುದು ಮಣ್ಣಿನಲ್ಲಿ. ಅದು ಈ ಮಣ್ಣಿನಲ್ಲಿ ಇಷ್ಟು ಸುಲಭವಾಗಿ ಮನೆ ಮಾಡಿಕೊಳ್ಳುವುದಕ್ಕೂ, ಊರಿಗೆ ಕಬ್ಬಿಣದ ಕಾರ್ಖಾನೆ ಬಂದದ್ದಕ್ಕೂ ಮೂಲದಲ್ಲಿ ಇರುವ ಕಾರಣ ಒಂದೇ ಎಂದರೆ ವಿಚಿತ್ರವೆನ್ನಿಸಬಹುದು. ಆ ಕಾರಣ, ಮಳೆ.

ಮಳೆ ತೊಳೆದ ನೆಲ

ಶಿವಮೊಗ್ಗ ಜಿಲ್ಲೆಯ ಪಶ್ಚಿಮದ ತುದಿಯಲ್ಲಿರುವ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಅಲ್ಲಿಂದ ನೂರು ಕಿಲೊಮೀಟರಿಗಿಂತ ಕಡಿಮೆ ದೂರದ ಶಿವಮೊಗ್ಗ ನಗರದಲ್ಲಿ ಅದು ಸಾವಿರ ಮಿಲಿಮೀಟರಿನ ಆಚೀಚೆಗೆ ಇಳಿಯುತ್ತದೆ. ಭದ್ರಾವತಿ ಇರುವುದು ಮಲೆನಾಡು ಮುಗಿದು ಬಯಲುಸೀಮೆ ಶುರುವಾಗುವ ಈ ಅಂಚಿನಲ್ಲಿ, ಭದ್ರಾ ನದಿಯ ದಂಡೆಯ ಮೇಲೆ.

ಸಾವಿರಾರು ವರ್ಷ ಒಂದೇ ಸಮನೆ ಮಳೆ ಹೊಯ್ದರೆ ನೆಲ ತೊಳೆದುಹೋಗುತ್ತದೆ. ನೀರಿನಲ್ಲಿ ಬೇಗ ಕರಗುವ ಸುಣ್ಣದ ಅಂಶ, ಮೆಗ್ನೀಸಿಯಂ, ಪೊಟ್ಯಾಷ್ ಮೊದಲಾದವು ಬಸಿದು ಹಳ್ಳ ಸೇರಿ, ಹಳ್ಳದಿಂದ ಹೊಳೆ ಸೇರಿ ಹೋಗುತ್ತವೆ. ಕರಗದೆ ಉಳಿಯುವುದು ಕಬ್ಬಿಣ ಮತ್ತು ಅಲ್ಯೂಮಿನಿಯಂ. ಕಬ್ಬಿಣಕ್ಕೆ ಗಾಳಿ ತಾಗಿ ತುಕ್ಕು ಹಿಡಿದ ಬಣ್ಣವೇ ಮಲೆನಾಡಿನ ಮಣ್ಣಿನ ಬಣ್ಣ. ಈ ಕ್ರಿಯೆ ತುದಿ ಮುಟ್ಟಿದಲ್ಲಿ ನೆಲವೇ ಜಂಬಿಟ್ಟಿಗೆಯಾಗುತ್ತದೆ. ಅಗೆಯುವಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಈ ಕಲ್ಲನ್ನು ಕಡಿದು ಮನೆ ಕಟ್ಟುವುದನ್ನು ನೋಡಿ, ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ ಅದಕ್ಕೆ ‘ಲ್ಯಾಟರೈಟ್’ ಎಂದು ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್. ಟಿಪ್ಪು ಸುಲ್ತಾನನ ಪತನದ ನಂತರ ಈಸ್ಟ್ ಇಂಡಿಯಾ ಕಂಪನಿ ಹೊಸದಾಗಿ ತನ್ನ ಹಿಡಿತಕ್ಕೆ ಬಂದ ಸೀಮೆಗಳನ್ನು ಅಳೆದು ನೋಡಲು ಕಳುಹಿಸಿದ ವೈದ್ಯ ಈತ. 1800ರಲ್ಲಿ ಹೊರಟು ಮಲಬಾರಿನ ಅಂಗಾಡಿಪುರದಲ್ಲಿ ಈ ಕಲ್ಲನ್ನು ಗುರುತಿಸಿದ. 1801ರಲ್ಲಿ ಘಟ್ಟ ಹತ್ತಿ ಇಕ್ಕೇರಿ, ನಗರ, ಶಿವಮೊಗ್ಗ, ಕೂಡಲಿಗಳನ್ನು ಹಾದುಹೋದ. 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ಅವನ ಪ್ರವಾಸ ವೃತ್ತಾಂತದಲ್ಲಿ ಯಾವ ಊರಿನ ಮಣ್ಣು ಯಾವುದು, ಅದಕ್ಕೆ ಯಾವ ಗೊಬ್ಬರ, ಯಾವ ತಿಂಗಳು ಉಳುಮೆ ಎಂಬ ವಿವರಗಳಿಗೆ ಕೊರತೆಯಿಲ್ಲ.

ಸುಣ್ಣದ ಅಂಶ ಕಳೆದುಕೊಂಡ ಮಣ್ಣು ಹುಳಿಯಾಗುತ್ತದೆ. ಈ ಹುಳಿಯನ್ನು ಅಳೆಯುವ ಮಾನಕ್ಕೆ ಕೃಷಿ ಪುಸ್ತಕಗಳಲ್ಲಿ ‘ರಸಸಾರ’ ಎನ್ನುತ್ತಾರೆ. 1909ರಲ್ಲಿ ಇದನ್ನು ರೂಪಿಸಿದವನು ಡೆನ್ಮಾರ್ಕಿನ ರಸಾಯನ ಶಾಸ್ತ್ರಜ್ಞ ಸೋರೆನ್ಸೆನ್. ಅವನು ಕೆಲಸ ಮಾಡುತ್ತಿದ್ದದ್ದು ಕೋಪನ್‌ಹೇಗನ್‌ನ ಒಂದು ಬಿಯರ್ ಕಂಪನಿಯ ಪ್ರಯೋಗಾಲಯದಲ್ಲಿ. ರಸಸಾರ 7 ಎಂದರೆ ಸಮ. ಅದಕ್ಕಿಂತ ಕೆಳಗೆ ಇಳಿದಷ್ಟೂ ಹುಳಿ. ಒಂದು ಅಂಕಿ ಇಳಿದರೆ ಹುಳಿ ಹತ್ತು ಪಟ್ಟು ಹೆಚ್ಚಿತು ಎಂದರ್ಥ. ಟೊಮೆಟೊಗೆ ಒಪ್ಪುವುದು ಆರರಿಂದ ಏಳು. ಮಲೆನಾಡಿನ ಕೆಮ್ಮಣ್ಣಿನಲ್ಲಿ ಐದು, ಐದೂವರೆ ಸಾಮಾನ್ಯ. ಮಳೆ ಜೋರಿರುವ ಕಡೆ ಅದಕ್ಕಿಂತಲೂ ಕೆಳಗಿರುವುದುಂಟು.

ಇಂಥ ಮಣ್ಣಿನಲ್ಲಿ ಟೊಮೆಟೊಗೆ ಒಂದರ ಮೇಲೊಂದು ಕಷ್ಟ. ಹುಳಿ ಹೆಚ್ಚಾದಂತೆ ಅಲ್ಯೂಮಿನಿಯಂ ಕರಗಿ ಬೇರಿನ ತುದಿಯನ್ನು ಮೊಂಡು ಮಾಡುತ್ತದೆ. ಹಾಕಿದ ರಂಜಕವನ್ನು ಕಬ್ಬಿಣ ಹಿಡಿದಿಟ್ಟುಕೊಂಡು ಗಿಡಕ್ಕೆ ಬಿಟ್ಟುಕೊಡುವುದಿಲ್ಲ. ಸುಣ್ಣದ ಅಂಶ ಸಾಲದೆ ಕಾಯಿಯ ತಳಭಾಗ ಕಪ್ಪಾಗಿ ಕೊಳೆಯುತ್ತದೆ. ಹುಳ ತಿಂದಿತೆಂದು ಜನ ಔಷಧಿ ಹೊಡೆಯುತ್ತಾರೆ, ಅಲ್ಲಿ ಹುಳವೇ ಇರುವುದಿಲ್ಲ. ಇವೆಲ್ಲಕ್ಕೂ ಮಿಗಿಲಾದದ್ದು ಮೊದಲು ಹೇಳಿದ ಸೊರಗು ರೋಗ. ಅದನ್ನು ತರುವ ದುಂಡಾಣುವನ್ನು 1896ರಲ್ಲಿ ಅಮೆರಿಕದ ಎರ್ವಿನ್ ಸ್ಮಿತ್ ವಿವರಿಸಿದ. ಸೆಕೆ, ತೇವ, ಹುಳಿ ಮಣ್ಣು ಮೂರೂ ಕೂಡಿದಲ್ಲಿ ಅದಕ್ಕೆ ಸುಗ್ಗಿ. ಬೇರಿನ ಗಾಯದಿಂದ ಒಳಹೊಕ್ಕು, ನೀರು ಏರುವ ನಾಳಗಳಲ್ಲಿ ಲೋಳೆ ಕಟ್ಟಿ, ಗಿಡಕ್ಕೆ ನೀರೇ ಸಿಗದಂತೆ ಮಾಡುತ್ತದೆ. ಪರೀಕ್ಷೆ ಸುಲಭ: ಸೊರಗಿದ ಗಿಡದ ಕಾಂಡವನ್ನು ಬುಡದಲ್ಲಿ ಕತ್ತರಿಸಿ, ತಿಳಿನೀರಿನ ಗಾಜಿನ ಲೋಟದಲ್ಲಿ ತೂಗುಬಿಟ್ಟರೆ ಕೆಲವೇ ನಿಮಿಷಗಳಲ್ಲಿ ತುದಿಯಿಂದ ಹಾಲಿನಂಥ ಎಳೆ ಇಳಿಯುತ್ತದೆ. ಇಳಿದರೆ ಆ ಪಾತಿಯಲ್ಲಿ ಮುಂದಿನ ಕೆಲವು ವರ್ಷ ಟೊಮೆಟೊ, ಬದನೆ, ಮೆಣಸು, ಆಲೂಗೆಡ್ಡೆಗಳ ಮಾತು ಎತ್ತದಿರುವುದೇ ಒಳ್ಳೆಯದು.

ಶಿಸ್ತಿನ ಕಾಲದಿಂದ

ಹಾಗೆಂದು ಮಲೆನಾಡಿನ ಒಕ್ಕಲು ತನ್ನ ಮಣ್ಣನ್ನು ಅರಿಯದೆ ಕೂತಿರಲಿಲ್ಲ. ಈ ಸೀಮೆಯಲ್ಲಿ ಮಣ್ಣನ್ನು ಲೆಕ್ಕ ಹಾಕಿ ತೂಗಿದ ಅತಿ ಪ್ರಸಿದ್ಧ ಉದಾಹರಣೆ ಹದಿನೇಳನೆಯ ಶತಮಾನದ್ದು. 1645ರಿಂದ 1660ರವರೆಗೆ ಆಳಿದ ಕೆಳದಿಯ ಶಿವಪ್ಪ ನಾಯಕ ತಂದ ಕಂದಾಯದ ವ್ಯವಸ್ಥೆಗೆ ‘ಶಿವಪ್ಪ ನಾಯಕನ ಶಿಸ್ತು’ ಎಂದೇ ಹೆಸರು. ಮಣ್ಣಿನ ಗುಣ, ನೀರಿನ ಅನುಕೂಲ ನೋಡಿ ಜಮೀನನ್ನು ಐದು ತರಗತಿಗಳಾಗಿ ವಿಂಗಡಿಸಿ ತೆರಿಗೆ ಗೊತ್ತುಪಡಿಸಿದ್ದು ಇದರ ವೈಶಿಷ್ಟ್ಯ. ಒಂದೊಂದು ತರಗತಿಯ ಹೊಲವನ್ನು ಹನ್ನೆರಡು ವರ್ಷ ಸತತವಾಗಿ ಸಾಗುವಳಿ ಮಾಡಿಸಿ, ಬಿತ್ತಿದ್ದೆಷ್ಟು, ಖರ್ಚೆಷ್ಟು, ಬಂದದ್ದೆಷ್ಟು ಎಂದು ಬರೆದಿಟ್ಟು ಸರಾಸರಿ ತೆಗೆದನೆಂಬುದು ಪ್ರತೀತಿ. ಹನ್ನೆರಡು ವರ್ಷದ ಮಾತಿನಲ್ಲಿ ಉತ್ಪ್ರೇಕ್ಷೆ ಇರಬಹುದು. ಒಂದು ವರ್ಷದ ಬೆಳೆ ನೋಡಿ ಮಣ್ಣಿನ ಬೆಲೆ ಕಟ್ಟಬಾರದೆಂಬ ವಿವೇಕ ಮಾತ್ರ ಆ ಪ್ರತೀತಿಯಲ್ಲಿ ಸ್ಪಷ್ಟವಾಗಿದೆ. 2012ರಲ್ಲಿ ಶಿವಮೊಗ್ಗದಲ್ಲಿ ಸ್ಥಾಪನೆಯಾದ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಮುಂದೆ ಕೆಳದಿ ಶಿವಪ್ಪ ನಾಯಕನ ಹೆಸರಿಟ್ಟದ್ದು ಈ ದೃಷ್ಟಿಯಿಂದ ಉಚಿತವಾಗಿಯೇ ಇದೆ.

ಮಣ್ಣನ್ನು ತೂಗಿದ್ದು ಅರಸರಾದರೆ ಅದನ್ನು ಕಟ್ಟಿದವರು ಒಕ್ಕಲುಗಳು. ಮಳೆ ಒಯ್ದದ್ದನ್ನು ಅವರು ಕಾಡಿನಿಂದ ಮರಳಿ ತಂದರು. ಮರದ ಬೇರು ಆಳಕ್ಕಿಳಿದು, ಬಸಿದುಹೋಗುತ್ತಿದ್ದ ಸುಣ್ಣವನ್ನೂ ಪೊಟ್ಯಾಷನ್ನೂ ಹೀರಿ ಎಲೆಗೆ ತರುತ್ತದೆ. ಆ ಎಲೆಯನ್ನು ಹಸಿಯಿರುವಾಗ ಸೊಪ್ಪಾಗಿಯೂ ಒಣಗಿದ ಮೇಲೆ ದರಗಾಗಿಯೂ ತಂದು ಕೊಟ್ಟಿಗೆಗೆ ಹಾಸಿ, ದನ ತುಳಿದು ಸಗಣಿ ಗಂಜಲದೊಡನೆ ಬೆರೆತದ್ದನ್ನು ಗುಂಡಿಯಲ್ಲಿ ಕಳಿಸಿ ತೋಟಕ್ಕೆ ಹಾಕುವುದು ಮಲೆನಾಡಿನ ಕೃಷಿಯ ಬೆನ್ನೆಲುಬು. ಇದಕ್ಕೆಂದೇ ಅಡಿಕೆ ತೋಟಗಳಿಗೆ ಸೊಪ್ಪಿನಬೆಟ್ಟದ ಹಕ್ಕು ಇತ್ತು. ಉತ್ತರ ಕನ್ನಡದಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೂ ಬೆಟ್ಟ ಬಿಡುವ ಪದ್ಧತಿ ಇದ್ದುದನ್ನು ನೋಡಿದರೆ ತೊಳೆದ ಮಣ್ಣನ್ನು ಫಲವತ್ತಾಗಿ ಇಟ್ಟುಕೊಳ್ಳುವುದು ಎಷ್ಟು ದುಬಾರಿಯ ಕೆಲಸವೆಂಬುದು ಅರ್ಥವಾಗುತ್ತದೆ.

ತರಕಾರಿಗೆ ಇನ್ನೂ ಎರಡು ಉಪಾಯಗಳಿದ್ದವು. ಒಂದು, ಒಲೆಯ ಬೂದಿ. ಬದನೆ, ಹೀರೆ, ಬಸಳೆಯ ಬುಡಕ್ಕೆ ಹೆಂಗಸರು ದಿನವೂ ಚೆಲ್ಲುತ್ತಿದ್ದ ಬೂದಿ ಹುಳ ಬಾರದಿರಲೆಂದು ಹಾಕಿದ್ದೆಂದು ಅನೇಕರ ನಂಬಿಕೆ. ಅದಕ್ಕಿಂತ ದೊಡ್ಡ ಉಪಕಾರ ಬೇರೆ ಇತ್ತು. ಕಟ್ಟಿಗೆಯ ಬೂದಿಯಲ್ಲಿ ಸುಣ್ಣವೂ ಪೊಟ್ಯಾಷೂ ಧಾರಾಳವಾಗಿದ್ದು, ಅದು ಮಣ್ಣಿನ ಹುಳಿಯನ್ನು ಮುರಿಯುತ್ತದೆ. ಎರಡನೆಯದು ಸುಡುಮಣ್ಣು. ಬೇಸಿಗೆಯಲ್ಲಿ ದರಗು, ಒಣ ಸೊಪ್ಪುಸದೆಗಳ ಮೇಲೆ ಮಣ್ಣಿನ ಹೆಂಟೆ ಪೇರಿಸಿ, ಉರಿ ಏಳದಂತೆ ಹೊಗೆಯಾಡಿಸಿ ಸುಟ್ಟ ಈ ಮಣ್ಣಿನಲ್ಲಿ ಬೂದಿ ಇರುತ್ತದೆ, ಇದ್ದಿಲಿನ ಚೂರುಗಳಿರುತ್ತವೆ, ರೋಗಾಣುಗಳೂ ಕಳೆಬೀಜಗಳೂ ಸತ್ತಿರುತ್ತವೆ. ಸಸಿಮಡಿಗೆ ಇದಕ್ಕಿಂತ ಒಳ್ಳೆಯ ಮಣ್ಣು ಸಿಗುವುದು ಕಷ್ಟ. ಅಮೆಜಾನ್ ಕಣಿವೆಯಲ್ಲಿ ಹಳೆಯ ಬುಡಕಟ್ಟುಗಳು ಇದ್ದಿಲು ಬೆರೆತ ಕಪ್ಪು ಮಣ್ಣನ್ನು ಕಟ್ಟಿದ್ದನ್ನು ವಿಜ್ಞಾನಿಗಳು ಈಚಿನ ದಶಕಗಳಲ್ಲಿ ಬೆರಗಿನಿಂದ ಅಧ್ಯಯನ ಮಾಡಿದ್ದಾರೆ. ಅಲ್ಲಿನದೂ ಮಳೆ ತೊಳೆದ ಕೆಂಪು, ಹಳದಿ ನೆಲವೇ.

ಕಾಡೇ ಹೋದರೆ ಈ ಲೆಕ್ಕವೆಲ್ಲ ತಲೆಕೆಳಗು. ಅದನ್ನು ಬಹು ಬೇಗ ಕಂಡವರಲ್ಲಿ ಹ್ಯೂ ಕ್ಲೆಗಾರ್ನ್ ಒಬ್ಬ. 1840ರ ದಶಕದಲ್ಲಿ ಶಿವಮೊಗ್ಗದಲ್ಲಿ ಸರಕಾರಿ ವೈದ್ಯನಾಗಿದ್ದ ಈ ಸ್ಕಾಟ್ಲೆಂಡಿನವನು ಸುತ್ತಿನ ಗಿಡಗಳ ಚಿತ್ರಗಳನ್ನು ಸ್ಥಳೀಯ ಚಿತ್ರಕಾರನಿಂದ ಬರೆಸಿದ. ಕಾಡು ಕಡಿದು ಸುಟ್ಟು ಬಿತ್ತುವ ಕುಮರಿ ಬೇಸಾಯವನ್ನೂ ಗಮನಿಸಿದ. ಉಷ್ಣವಲಯದ ಕಾಡುಗಳ ನಾಶದ ಪರಿಣಾಮಗಳ ಕುರಿತು 1851ರಲ್ಲಿ ಬ್ರಿಟನ್ನಿನ ವಿದ್ವತ್ ಸಭೆಗೆ ಸಲ್ಲಿಕೆಯಾದ ವರದಿಯ ಹಿಂದೆ ಇದ್ದವನು ಅವನೇ. ಮುಂದೆ ಮದರಾಸು ಪ್ರಾಂತದ ಅರಣ್ಯಗಳ ಮುಖ್ಯಸ್ಥನಾದ. ಕುಮರಿ ಮಾಡುವ ಬಡವರ ಮೇಲೆ ಅವನಿಗಿದ್ದ ಸಿಟ್ಟು ಸ್ವಲ್ಪ ಹೆಚ್ಚೇ ಆಯಿತೆನ್ನಬೇಕು. ಶಿವಮೊಗ್ಗದ ಕಾಡಿಗೆ ಮುಂದಿನ ಶತಮಾನದಲ್ಲಿ ಬಿದ್ದ ದೊಡ್ಡ ಕೊಡಲಿ ಕುಮರಿಯವರದಾಗಿರಲಿಲ್ಲ.

ಹೊಸ ಹಣ್ಣಿನ ಪ್ರವೇಶ

ಬುಕಾನನ್ ಓಡಾಡಿದ ಕಾಲಕ್ಕೆ ಟೊಮೆಟೊ ಮಲೆನಾಡಿನ ಅಡುಗೆಮನೆಗೆ ಅಪರಿಚಿತ. ದಕ್ಷಿಣ ಅಮೆರಿಕದ ಪಶ್ಚಿಮದ ಬೆಟ್ಟಸೀಮೆಯಲ್ಲಿ ಕಾಡುಗಿಡವಾಗಿದ್ದು, ಮೆಕ್ಸಿಕೊದಲ್ಲಿ ಸಾಗುವಳಿಗೆ ಬಂದ ಈ ಹಣ್ಣನ್ನು ಹದಿನಾರನೆಯ ಶತಮಾನದಲ್ಲಿ ಸ್ಪೇನಿನವರು ಯೂರೋಪಿಗೆ ಒಯ್ದರು. 1544ರಲ್ಲಿ ಇಟಲಿಯ ಮತ್ತಿಯೋಲಿ ಅದನ್ನು ದಾಖಲಿಸಿದ. ಭಾರತಕ್ಕೆ ಪೋರ್ಚುಗೀಸರ ಮೂಲಕ ಬಂತೆಂಬುದು ಸಾಮಾನ್ಯ ಅಭಿಪ್ರಾಯ. ಮೆಣಸಿನಕಾಯಿ ಅದೇ ದಾರಿಯಲ್ಲಿ ಬಂದು ಒಂದೆರಡು ಶತಮಾನಗಳಲ್ಲಿ ಮನೆಮಗಳಾಯಿತು. ಟೊಮೆಟೊ ಮಾತ್ರ ಬಹುಕಾಲ ಹೊಸ್ತಿಲಲ್ಲೇ ನಿಂತಿತ್ತು. ಜಾರ್ಜ್ ವಾಟ್ ಸಂಪಾದಿಸಿ 1889ರಿಂದ ಪ್ರಕಟವಾದ ಭಾರತದ ಸಸ್ಯೋತ್ಪನ್ನಗಳ ಬೃಹತ್ ಕೋಶದಲ್ಲೂ ಅದು ಮುಖ್ಯವಾಗಿ ಯೂರೋಪಿಯನ್ನರಿಗಾಗಿ ಬೆಳೆಯುವ, ಈಗೀಗ ದೇಶೀಯರ ಸಾರಿಗೂ ಬೀಳುತ್ತಿರುವ ತರಕಾರಿ.

ಇದಕ್ಕೆ ಕಾರಣವಿಲ್ಲದಿಲ್ಲ. ಹುಳಿಗೆ ಮಲೆನಾಡಿನಲ್ಲಿ ಬರವಿರಲಿಲ್ಲ. ಹುಣಿಸೆ ಬಯಲಿನಿಂದ ಬರುತ್ತಿತ್ತು. ವಾಟೆಹುಳಿ, ಮುರುಗಲು, ಉಪ್ಪಾಗೆ, ಅಮಟೆ ಕಾಡಿನಲ್ಲೇ ಇದ್ದವು. ನೋಡಲು ಬದನೆಯ ಕುಲದ್ದೆಂದು ತಿಳಿದು ಕನ್ನಡಿಗರು ಹೊಸ ಹಣ್ಣಿಗೆ ‘ಚಪ್ಪರಬದನೆ’ ಎಂದರು. ಸಸ್ಯಶಾಸ್ತ್ರದ ದೃಷ್ಟಿಯಿಂದಲೂ ಅದು ತಪ್ಪಿಲ್ಲದ ಹೆಸರು. ಎರಡೂ ಒಂದೇ ಕುಟುಂಬದ ಗಿಡಗಳು, ಒಂದರ ರೋಗ ಇನ್ನೊಂದಕ್ಕೆ ತಗಲುತ್ತದೆ.

ಕುಲುಮೆ ಮತ್ತು ಕಿಟ್ಟ

ಬೆಂಕಿಪುರವೆಂಬ ಹಳೆಯ ಹೆಸರಿನ, ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯವುಳ್ಳ ಊರಿನ ಹಣೆಬರಹ ಬದಲಾದದ್ದು 1918ರಲ್ಲಿ. ಆಗ ಮೈಸೂರಿನ ದಿವಾನರಾಗಿದ್ದ ಎಂ. ವಿಶ್ವೇಶ್ವರಯ್ಯನವರ ಹಟದಿಂದ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸ ಶುರುವಾಯಿತು. 1923ರಲ್ಲಿ ಊದುಕುಲುಮೆಯಿಂದ ಕಬ್ಬಿಣ ಹರಿಯಿತು. ಅದಿರು ಬಂದದ್ದು ಬಾಬಾಬುಡನ್ ಗಿರಿಸಾಲಿನ ಕೆಮ್ಮಣ್ಣುಗುಂಡಿಯಿಂದ. ಹೆಸರೇ ಎಲ್ಲವನ್ನೂ ಹೇಳುತ್ತದೆ. ಅಲ್ಲಿನ ಕಬ್ಬಿಣದ ಶಿಲೆಗಳು ಅತಿ ಪುರಾತನವಾದರೂ, ಅವುಗಳಲ್ಲಿದ್ದ ಬೇರೆ ಅಂಶಗಳನ್ನು ತೊಳೆದು ಕಬ್ಬಿಣವನ್ನು ದಟ್ಟವಾಗಿಸಿದ್ದರಲ್ಲಿ ನೀರಿನ ಕೈವಾಡ ದೊಡ್ಡದು. ಹೊಲದಲ್ಲಿ ಒಕ್ಕಲನ್ನು ಬಡವಾಗಿಸಿದ ಕ್ರಿಯೆಯೇ ಗುಡ್ಡದ ಮೇಲೆ ಅದಿರಿನ ಸಂಪತ್ತನ್ನು ಕೂಡಿಸಿಟ್ಟಿತ್ತು.

ಸಂಸ್ಥಾನದಲ್ಲಿ ಕಲ್ಲಿದ್ದಲು ಇರಲಿಲ್ಲ, ಕಾಡು ಇತ್ತು. ಆದ್ದರಿಂದ ಭದ್ರಾವತಿಯ ಕುಲುಮೆ ಉರಿದದ್ದು ಕಟ್ಟಿಗೆಯ ಇದ್ದಿಲಿನಿಂದ. ಕಾರ್ಖಾನೆಯ ಮೊದಲ ಹೆಸರಿನಲ್ಲೇ ಮರವನ್ನು ಬಟ್ಟಿ ಇಳಿಸುವ ಉದ್ಯಮದ ಪ್ರಸ್ತಾಪವಿತ್ತು. ಇದ್ದಿಲಿನ ಜೊತೆಗೆ ಮರದ ಮದ್ಯಸಾರ, ಟಾರು, ಸುಣ್ಣದ ಅಸಿಟೇಟು ಮುಂತಾದವನ್ನೂ ಅಲ್ಲಿ ತೆಗೆಯುತ್ತಿದ್ದರು. ಒಂದು ಟನ್ ಇದ್ದಿಲಿಗೆ ನಾಲ್ಕೈದು ಟನ್ ಕಟ್ಟಿಗೆ ಬೇಕು. ಅದಕ್ಕಾಗಿ ಟ್ರಾಮ್ ಹಳಿಗಳು ಕಾಡಿನ ಒಳಕ್ಕೆ ಹೋದವು. 1950ರ ದಶಕದ ಆರಂಭದಲ್ಲಿ ವಿದ್ಯುತ್ ಕುಲುಮೆಗಳು ಬಂದ ಮೇಲೆ ಈ ಹಸಿವು ತಗ್ಗಿತು. ಅಷ್ಟರಲ್ಲಿ 1936ರಲ್ಲಿ ಹುಟ್ಟಿದ ಮೈಸೂರು ಕಾಗದದ ಕಾರ್ಖಾನೆಯೂ ಕಾಡಿನ ಬಿದಿರಿಗೆ ಕೈಚಾಚಿಯಾಗಿತ್ತು. ದರಗು, ಸೊಪ್ಪುಗಳನ್ನು ಕೊಡುತ್ತಿದ್ದ ಕಾಡಿನ ಮೇಲೆ ಹೀಗೆ ಎರಡು ದೊಡ್ಡ ಬಾಯಿಗಳು ತೆರೆದುಕೊಂಡವು.

ಕುಲುಮೆಯೊಳಗೆ ನಡೆಯುತ್ತಿದ್ದದ್ದನ್ನು ಮಣ್ಣಿನ ಕಣ್ಣಿನಿಂದ ನೋಡಿದರೆ ಸ್ವಾರಸ್ಯವಾಗಿದೆ. ಅದಿರು, ಇದ್ದಿಲುಗಳ ಜೊತೆಗೆ ಸುಣ್ಣದ ಕಲ್ಲನ್ನೂ ಕುಲುಮೆಗೆ ಸುರಿಯುತ್ತಾರೆ. ಅದಿರಿನಲ್ಲಿರುವ ಮರಳು, ಜೇಡಿಯ ಅಂಶಗಳನ್ನು ಸುಣ್ಣ ಹಿಡಿದುಕೊಂಡು ಕರಗಿ, ಕಬ್ಬಿಣದ ಮೇಲೆ ಕೆನೆಯಂತೆ ತೇಲುತ್ತದೆ. ಅದೇ ಕಿಟ್ಟ. ಮಳೆ ನೆಲದಿಂದ ಸುಣ್ಣವನ್ನು ತೆಗೆದು ಕಬ್ಬಿಣವನ್ನು ಉಳಿಸಿತು. ಕಾರ್ಖಾನೆ ಸುಣ್ಣ ಕೂಡಿಸಿ ಕಬ್ಬಿಣವನ್ನು ತೆಗೆದು, ಸುಣ್ಣ ತುಂಬಿದ ಕಿಟ್ಟವನ್ನು ಹೊರಗೆ ಸುರಿಯಿತು. ಕೆಮ್ಮಣ್ಣಿಗೆ ಯಾವುದು ಬೇಕೋ ಅದು ಕಾರ್ಖಾನೆಯ ಕಸವಾಗಿತ್ತು.

ಯೂರೋಪಿನಲ್ಲಿ ಈ ಕಸಕ್ಕೆ ಬೆಲೆ ಬಂದ ಕಥೆ ಪ್ರಸಿದ್ಧ. ಲಂಡನ್ನಿನ ನ್ಯಾಯಾಲಯವೊಂದರಲ್ಲಿ ಗುಮಾಸ್ತನಾಗಿದ್ದ ಸಿಡ್ನಿ ಗಿಲ್‌ಕ್ರಿಸ್ಟ್ ಥಾಮಸ್, ರಂಜಕವಿರುವ ಕೆಟ್ಟ ಅದಿರಿನಿಂದಲೂ ಉಕ್ಕು ಮಾಡುವ ವಿಧಾನವನ್ನು 1878ರ ಸುಮಾರಿಗೆ ಕಂಡುಹಿಡಿದ. ಆ ರಂಜಕವೆಲ್ಲ ಕಿಟ್ಟಕ್ಕೆ ಹೋಗುತ್ತಿತ್ತು. ಅದನ್ನು ನುಣ್ಣಗೆ ಅರೆದು ಹುಳಿ ನೆಲಕ್ಕೆ ಎರಚಿದರೆ ಸುಣ್ಣವೂ ರಂಜಕವೂ ಒಟ್ಟಿಗೆ ಸಿಗುತ್ತವೆಂದು ಗೊತ್ತಾದ ಮೇಲೆ ಜರ್ಮನಿಯ ರೈತರು ಚೀಲಗಟ್ಟಲೆ ಕೊಂಡರು. ಭಾರತದ ಆಮ್ಲ ಮಣ್ಣುಗಳ ಸುಧಾರಣೆಯ ಶಿಫಾರಸುಗಳಲ್ಲೂ ಉಕ್ಕಿನ ಕಾರ್ಖಾನೆಗಳ ಕಿಟ್ಟ, ಕಾಗದದ ಕಾರ್ಖಾನೆಗಳ ಸುಣ್ಣದ ಕೆಸರು ಎರಡೂ ಸುಣ್ಣದ ಕಲ್ಲಿಗೆ ಅಗ್ಗದ ಬದಲಿಯಾಗಿ ಕಾಣಿಸಿಕೊಳ್ಳುತ್ತವೆ. ಭದ್ರಾವತಿಯಲ್ಲಿ ಎರಡೂ ಬಗೆಯ ಕಾರ್ಖಾನೆಗಳು ಅಕ್ಕಪಕ್ಕದಲ್ಲೇ ಇದ್ದವು. ಆದರೆ ಕಿಟ್ಟಕ್ಕೆ ಎಲ್ಲೆಡೆಯೂ ಸುಲಭವಾಗಿ ಸಿಕ್ಕ ದಾರಿ ಸಿಮೆಂಟಿನದು, ರಸ್ತೆಗೆ ಹಾಸುವ ಜಲ್ಲಿಯದು.

ಹಾಗೆಂದು ಕಿಟ್ಟದ ಗುಡ್ಡೆಯಿಂದ ಬುಟ್ಟಿ ತುಂಬಿ ತಂದು ತರಕಾರಿ ಮಡಿಗೆ ಸುರಿಯುವುದು ಜಾಣತನವಲ್ಲ. ಹರಳುಹರಳಾದ ಕಿಟ್ಟ ವರ್ಷಗಟ್ಟಲೆ ಹಾಗೇ ಬಿದ್ದಿರುತ್ತದೆ. ಹಿಟ್ಟಿನಂತೆ ಅರೆದರೆ ಮಾತ್ರ ಮಣ್ಣಿನಲ್ಲಿ ಕೆಲಸ ಮಾಡುತ್ತದೆ. ಕೆಲವು ಬಗೆಯ ಕಿಟ್ಟಗಳಲ್ಲಿ ಬೇಡದ ಭಾರಲೋಹಗಳೂ ಇರುವುದರಿಂದ ಪರೀಕ್ಷೆ ಮಾಡಿಸದೆ ಉಣ್ಣುವ ಬೆಳೆಗೆ ಹಾಕಬಾರದು. ಕಾರ್ಖಾನೆಗಳ ಕಥೆಯೂ ಈಗ ಬೇರೆ. ಕಾಗದದ ಕಾರ್ಖಾನೆ 2015ರ ಹೊತ್ತಿಗೆ ಉತ್ಪಾದನೆ ನಿಲ್ಲಿಸಿತು. ವಿಶ್ವೇಶ್ವರಯ್ಯನವರ ಹೆಸರು ಹೊತ್ತ ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿದ್ದು, ಅದೇ ವರ್ಷ ಆಗಸ್ಟಿನಲ್ಲಿ ಅಲ್ಲಿ ಭಾಗಶಃ ಕೆಲಸ ಮತ್ತೆ ಶುರುವಾಯಿತು.

ಟೊಮೆಟೊಗೂ ಈ ಕಾರ್ಖಾನೆಗೂ ಇನ್ನೊಂದು ನಂಟಿದೆ. ಕೆಲಸಕ್ಕೆಂದು ತಮಿಳು, ತೆಲುಗು, ಮಲಯಾಳ ಸೀಮೆಗಳಿಂದ ಬಂದ ಕುಟುಂಬಗಳು ಭದ್ರಾವತಿಯಲ್ಲಿ ನೆಲೆಸಿದವು. ಚಪ್ಪರಬದನೆಯೂ ತಮಿಳರ ತಕ್ಕಾಳಿಯೂ ಒಂದೇ ಸಂತೆಯಲ್ಲಿ ಕೂಡಿದ್ದು ಹೀಗೆ. ಭದ್ರಾವತಿಯ ಸಾರಿನ ಹುಳಿ ಯಾವಾಗ ವಾಟೆಯಿಂದ ಟೊಮೆಟೊಗೆ ತಿರುಗಿತೆಂದು ಹೇಳುವ ದಫ್ತರ ಯಾವ ಕಚೇರಿಯಲ್ಲೂ ಇರುವುದಿಲ್ಲವಷ್ಟೆ.

ಚೀಲದ ಗೊಬ್ಬರ

ಮಣ್ಣಿನ ಹುಳಿಗೆ ಸುಣ್ಣವೇ ಮದ್ದೆಂದು ಬರೆದು ತೋರಿಸಿದವರಲ್ಲಿ ಅಮೆರಿಕದ ವರ್ಜೀನಿಯದ ಎಡ್ಮಂಡ್ ರಫಿನ್ ಮೊದಲಿಗ. ಅವನ ಪುಸ್ತಕ ಬಂದದ್ದು 1832ರಲ್ಲಿ. ಮೈಸೂರು ಸಂಸ್ಥಾನಕ್ಕೆ ಆಧುನಿಕ ಕೃಷಿ ವಿಜ್ಞಾನ ಬಂದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. 1908ರಲ್ಲಿ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗದ ಬೆನ್ನುಹತ್ತಿ, ಅದನ್ನು ತರುವ ಶಿಲೀಂಧ್ರವನ್ನು ಗುರುತಿಸಿ, ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೊ ದ್ರಾವಣವನ್ನು ಮಲೆನಾಡಿನ ತೋಟಗಳಿಗೆ ಕಲಿಸಿದರು. ಟೊಮೆಟೊವನ್ನು ಮೋಡ ಕವಿದ ದಿನಗಳಲ್ಲಿ ಕಾಡುವ ಅಂಗಮಾರಿಯ ಶಿಲೀಂಧ್ರವೂ ಅದೇ ಕುಲದ್ದು. ಮಲೆನಾಡಿಗರು ಹೀಗೆ ಸುಣ್ಣವನ್ನು ಎಲೆಯಡಿಕೆಗೂ ಗೊನೆಗೂ ಧಾರಾಳವಾಗಿ ಬಳಸಿದರು. ಮಣ್ಣಿಗೆ ಹಾಕುವ ವಿಷಯದಲ್ಲಿ ಮಾತ್ರ ಕೈ ಹಿಂದಾಯಿತು.

ಅಷ್ಟರಲ್ಲಿ ಚೀಲದ ಗೊಬ್ಬರ ಬಂತು. ದೇಶದಲ್ಲಿ ಅಮೋನಿಯಂ ಸಲ್ಫೇಟನ್ನು ತಯಾರಿಸಿದ ಆರಂಭದ ಕಾರ್ಖಾನೆಗಳಲ್ಲೊಂದು ಮೈಸೂರು ಬಳಿಯ ಬೆಳಗೊಳದ್ದು. ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು ಎದ್ದು, 1960ರ ದಶಕದಲ್ಲಿ ನಾಲೆಗಳ ನೀರು ಅಚ್ಚುಕಟ್ಟಿಗೆ ಹರಿದ ಮೇಲೆ ವರ್ಷಕ್ಕೆ ಎರಡು ಭತ್ತ, ಎರಡರಷ್ಟು ಗೊಬ್ಬರ. ಇಳುವರಿ ಹೆಚ್ಚಿದ್ದು ನಿಜ. ಅದನ್ನು ಹೀಗಳೆಯುವುದು ಹೊಟ್ಟೆ ತುಂಬಿದವರ ಮಾತಾದೀತು. ಆದರೆ ಅಮೋನಿಯದ ಗೊಬ್ಬರ ಮಣ್ಣಿನಲ್ಲಿ ಕರಗುವಾಗ ಹುಳಿಯನ್ನು ಬಿಟ್ಟುಹೋಗುತ್ತದೆ. ನೂರು ಕಿಲೊ ಅಮೋನಿಯಂ ಸಲ್ಫೇಟ್ ಉಳಿಸುವ ಹುಳಿಯನ್ನು ಕಳೆಯಲು ಸುಮಾರು 110 ಕಿಲೊ ಸುಣ್ಣದ ಕಲ್ಲಿನ ಪುಡಿ ಬೇಕು. ಯೂರಿಯಾದ್ದೂ ಇದೇ ಗುಣ. ಗೊಬ್ಬರದ ಚೀಲದ ಹಿಂದೆ ಸುಣ್ಣದ ಚೀಲವೂ ಹೊಲಕ್ಕೆ ಹೋಗಬೇಕಿತ್ತು. ಹೋದದ್ದು ಬಹಳ ಕಡಿಮೆ. ಸೌದೆ ಒಲೆ ಹೋಗಿ ಗ್ಯಾಸ್ ಬಂದು ಬೂದಿ ನಿಂತಿತು. ಕೊಟ್ಟಿಗೆಗಳು ಬರಿದಾಗಿ ಗೊಬ್ಬರ ನಿಂತಿತು. ಸೊರಗು ರೋಗದ ಜೊತೆ ಸೆಣಸುವ ಅಣುಜೀವಿಗಳನ್ನು ಸಾಕುತ್ತಿದ್ದದ್ದು ಆ ಗೊಬ್ಬರವೇ. ಕರ್ನಾಟಕದಲ್ಲಿ 2009ರಿಂದ ನಡೆದ ‘ಭೂಚೇತನ’ ಯೋಜನೆಯ ಮಣ್ಣು ಪರೀಕ್ಷೆಗಳಲ್ಲಿ ಸತು, ಬೋರಾನ್, ಗಂಧಕಗಳ ಕೊರತೆ ವ್ಯಾಪಕವಾಗಿ ಕಂಡದ್ದು ಇದೇ ಕಥೆಯ ಇನ್ನೊಂದು ಅಧ್ಯಾಯ.

ಪಾತಿಯ ಕೆಲಸ

ಈ ಚರಿತ್ರೆ ತಿಳಿದರೆ ಟೊಮೆಟೊ ಪಾತಿಯನ್ನು ಏಕೆ ಹಾಗೆ ಸಿದ್ಧಮಾಡಬೇಕೆಂಬುದು ತಾನಾಗಿ ಹೊಳೆಯುತ್ತದೆ. ಮಳೆ ಒಯ್ದದ್ದನ್ನು ಮರಳಿಸುವುದೇ ಕೆಲಸ.

ಮೊದಲು ಮಣ್ಣು ಪರೀಕ್ಷೆ. ಅಂಗಳದ ನಾಲ್ಕೈದು ಕಡೆ ಗೇಣುದ್ದ ಅಗೆದು ಬೆರೆಸಿದ ಅರ್ಧ ಕಿಲೊ ಮಣ್ಣು ಸಾಕು. ಕೃಷಿ ಇಲಾಖೆ, ಕೃಷಿ ವಿಜ್ಞಾನ ಕೇಂದ್ರಗಳು ಪರೀಕ್ಷಿಸುತ್ತವೆ. ಪಕ್ಕದ ಮನೆಯ ಲೆಕ್ಕ ನಮ್ಮ ಮನೆಗೆ ಹೊಂದಬೇಕೆಂದಿಲ್ಲ. ಭದ್ರೆಯ ದಂಡೆಯ ಮೆಕ್ಕಲು, ಗುಡ್ಡದ ಇಳಿಜಾರಿನ ಕೆಂಪು, ನಾಲೆಯ ಕೆಳಗಿನ ಜೌಗು ಎಲ್ಲವೂ ಒಂದೇ ತಾಲ್ಲೂಕಿನಲ್ಲಿವೆ. ಕೆಲವು ಹೊಲಗಳ ರಸಸಾರ ಏಳರ ಮೇಲೂ ಇದ್ದೀತು. ಅಲ್ಲಿ ಸುಣ್ಣ ಹಾಕಿದರೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು.

ಬೇಸಿಗೆಯಲ್ಲಿ ಒಂದು ಅಡಿ ಆಳಕ್ಕೆ ಗುದ್ದಲಿಯಿಂದ ಅಗೆದು ಹೆಂಟೆಗಳನ್ನು ಬಿಸಿಲಿಗೆ ಬಿಡುವುದು ಹಳೆಯ ಕ್ರಮ. ತೇವ ಮಾಡಿದ ಮಣ್ಣಿನ ಮೇಲೆ ತೆಳು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕಾರು ವಾರ ಬಿಗಿಯಾಗಿ ಹೊದಿಸಿದರೆ ಬಿಸಿಲಿನ ಕಾವು ಇನ್ನೂ ಆಳಕ್ಕೆ ಇಳಿಯುತ್ತದೆ. ಸುಡುಮಣ್ಣಿನ ಉದ್ದೇಶವೇ ಇದರದೂ. ಕಟ್ಟಿಗೆ ಮಾತ್ರ ಬೇಕಿಲ್ಲ.

ಸಾಧಾರಣ ಹುಳಿಯಿರುವ ನೆಲಕ್ಕೆ ಚದರ ಮೀಟರಿಗೆ 200ರಿಂದ 400 ಗ್ರಾಂ ಕೃಷಿ ಸುಣ್ಣ ಸಾಕು. ಜೇಡಿ ಹೆಚ್ಚಿದ್ದಷ್ಟೂ ಪ್ರಮಾಣ ಹೆಚ್ಚು. ಸಸಿ ನೆಡುವ ಮೂರು ನಾಲ್ಕು ವಾರ ಮೊದಲೇ ಎರಚಿ ಮಣ್ಣಿನಲ್ಲಿ ಬೆರೆಸಬೇಕು. ಸುಣ್ಣವನ್ನೂ ಹಸಿ ಗೊಬ್ಬರವನ್ನೂ ಒಂದೇ ದಿನ ಹಾಕುವುದು ಸಲ್ಲ. ಗೊಬ್ಬರದ ಸಾರ ಅಮೋನಿಯವಾಗಿ ಗಾಳಿಗೆ ಹಾರಿಹೋಗುತ್ತದೆ. ಎರಡು ವಾರ ಬಿಟ್ಟು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಚದರ ಮೀಟರಿಗೆ ಎರಡೂವರೆ ಕಿಲೊದಂತೆ, ಸಿಕ್ಕರೆ ಇನ್ನೂ ಹೆಚ್ಚು, ಬೆರೆಸಬಹುದು. ಬೇವಿನ ಹಿಂಡಿ ಸೇರಿಸಿದರೆ ಬೇರುಗಂಟಿನ ಜಂತುಗಳ ಕಾಟ ತಗ್ಗುತ್ತದೆ. ಈ ಜಂತುಗಳು ಬೇರಿಗೆ ಮಾಡುವ ಗಾಯವೇ ಸೊರಗು ರೋಗಕ್ಕೆ ಬಾಗಿಲು.

ಮಡಿ ಅರ್ಧ ಅಡಿಯಾದರೂ ಎತ್ತರವಿರಬೇಕು, ಸುತ್ತ ಬಸಿಗಾಲುವೆ ಇರಬೇಕು. ಒಂದು ಮಡಿಯ ನೀರು ಇನ್ನೊಂದರ ಮೇಲೆ ಹಾಯದಿರುವುದು ಮುಖ್ಯ, ರೋಗ ಹರಡುವುದು ನೀರಿನ ದಾರಿಯಲ್ಲೇ. ರೋಗದ ಸುಳಿವಿದ್ದ ಜಾಗದಲ್ಲಿ ತಳಿಯ ಆಯ್ಕೆಯೂ ಮಣ್ಣಿನ ಸಿದ್ಧತೆಯಷ್ಟೇ ದೊಡ್ಡದು. ಬೆಂಗಳೂರು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಸೊರಗು ರೋಗ ತಡೆಯುವ ಅರ್ಕಾ ಆಭಾ, ಅರ್ಕಾ ಆಲೋಕ್ ತಳಿಗಳನ್ನು ಮೊದಲು ಕೊಟ್ಟಿತು. ಆಮೇಲೆ ಬಂದ ಅರ್ಕಾ ರಕ್ಷಕ್ ಹೈಬ್ರಿಡ್ ಎಲೆ ಮುರುಟು, ಸೊರಗು, ಎಲೆಚುಕ್ಕೆಯ ಅಂಗಮಾರಿ ಮೂರನ್ನೂ ತಡೆಯುತ್ತದೆ. ಬದನೆಯ ಗಟ್ಟಿ ಬೇರಿನ ಮೇಲೆ ಟೊಮೆಟೊ ಕಸಿ ಮಾಡುವ ಕ್ರಮವೂ ಈಗ ನರ್ಸರಿಗಳಿಗೆ ಬಂದಿದೆ. ಚಪ್ಪರಬದನೆ ಎಂದು ಹೆಸರಿಟ್ಟವರ ಮಾತು ಅಕ್ಷರಶಃ ನಿಜವಾದಂತಾಯಿತು.

ಸಸಿಯನ್ನು ಸಂಜೆಯ ಹೊತ್ತು, ಕೆಳಗಿನ ಎಲೆಗಳನ್ನು ಚಿವುಟಿ, ಕಾಂಡದ ಅರ್ಧದವರೆಗೂ ಮಣ್ಣಿಗಿಳಿಸಿ ನೆಡಬಹುದು. ಹೂತ ಕಾಂಡದಿಂದಲೂ ಟೊಮೆಟೊ ಬೇರು ಬಿಡುತ್ತದೆ. ಕಸಿ ಮಾಡಿದ ಸಸಿಗೆ ಮಾತ್ರ ಇದು ಸಲ್ಲದು, ಕಸಿಯ ಗಂಟು ಮಣ್ಣಿನ ಮೇಲೇ ಇರಬೇಕು.

ಗದ್ದೆಯಿರುವವರಿಗೆ ಇನ್ನೊಂದು ಅನುಕೂಲವಿದೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನೀರು ನಿಂತ ಭತ್ತದ ಗದ್ದೆಯಲ್ಲಿ ಸೊರಗು ರೋಗದ ದುಂಡಾಣು ಬಹುಪಾಲು ಕ್ಷೀಣಿಸುತ್ತದೆ. ನೀರು ನಿಂತಷ್ಟು ದಿನ ಕೆಮ್ಮಣ್ಣಿನ ಹುಳಿಯೂ ತಗ್ಗಿ, ಹಿಡಿದಿಟ್ಟ ರಂಜಕವನ್ನು ಕಬ್ಬಿಣ ಒಂದಿಷ್ಟು ಸಡಿಲಿಸುತ್ತದೆ. ಕೊಯ್ಲು ಮುಗಿದು ಗದ್ದೆ ಆರಿದ ಮೇಲೆ ಮಡಿ ಏರಿಸಿ ಟೊಮೆಟೊ ಹಾಕಿ, ಬೇಸಿಗೆಯಲ್ಲಿ ಹಣ್ಣು ಮುಗಿಯುತ್ತಲೇ ಗಿಡಗಳನ್ನು ಬೇರುಸಹಿತ ಕಿತ್ತು ಸುಟ್ಟು, ಜೂನಿನಲ್ಲಿ ಆ ನೆಲಕ್ಕೆ ಮತ್ತೆ ನೀರು ಕಟ್ಟುತ್ತಾರೆ.